ಮೇಲೇಳದ ನೀಲಿ ಗುಂಡಿ

ಮತದಾನದ ದಿನ ಬೆಳಿಗ್ಗೆ ಹತ್ತೂವರೆಗೆ ವಾರ್ಡಿನ ಅಭ್ಯರ್ಥಿಯೊಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಶಾಲೆಯಲ್ಲಿ ಗಣಿತ ಕಲಿಸುವ ಟೀಚರ್.

"ಮೇಡಂ, ಮೆಷಿನ್‌ನಲ್ಲಿ ನನ್ನ ಗುಂಡಿಗೆ ಯಾರೋ ಗಮ್ ಹಾಕಿದಾರೆ. ಯಾರೇ ಆಗಿರ್ಲಿ, ಬಿಡಬೇಡಿ."

ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ ಮತಗಟ್ಟೆಗೆ ಹೊರಟರು. ಅಲ್ಲಿ ಆಗಲೇ ಬೇರೆ ಯಂತ್ರ ಬಂದು ಸಾಲು ಸಾಗುತ್ತಿತ್ತು. ಹಳೆಯ ಯಂತ್ರದ ಪಂಚನಾಮೆ ನಡೆಯಿತು. ನೀಲಿ ಗುಂಡಿ ಒಳಗೆ ಕೂತುಬಿಟ್ಟಿತ್ತು. ಅದರ ಮೇಲೆ ಬೆರಳಿನ ಚರ್ಮದ ತೆಳು ಸಿಪ್ಪೆ.

"ಎದುರಾಳಿಗಳದೇ ಕೈವಾಡ ಮೇಡಂ," ಎಂದ ಕಾನ್‌ಸ್ಟೇಬಲ್.

"ಒತ್ತೋಕಾಗದ ಹಾಗೆ ಅಂಟಿಸಿದ್ರೆ ಒಪ್ತಿದ್ದೆ. ಇದು ಒತ್ತಿದ ಹಾಗೇ ಅಂಟಿದೆಯಲ್ರೀ! ಒತ್ತಿದ ಹಾಗೇ ಇರ್ಲಿ ಅನ್ನೋನು ಎದುರಾಳಿನಾ?"

ಅವರು ಮತಗಟ್ಟೆ ಅಧಿಕಾರಿಯತ್ತ ತಿರುಗಿದರು. "ಬೀಪ್ ಸದ್ದಾದ ಮೇಲೂ ಮರೆಯಿಂದ ಹೊರಗೆ ಬರದವರು ಯಾರು?"

"ಫೋಟೋ ಫ್ರೇಮ್ ಅಂಗಡಿಯ ಯಜಮಾನ್ರು. ಎರಡು ಸಲ ಕೂಗಿ ಕರೆದೆ. ಬೆರಳು ಮುಚ್ಕೊಂಡು ಹೋದ್ರು."

ಅಂಗಡಿಯ ಗೋಡೆ ತುಂಬ ಒಬ್ಬಳೇ ಹುಡುಗಿಯ ಫೋಟೋ, ಪ್ರಶಸ್ತಿಪತ್ರ. ಟೀಚರಮ್ಮನೇ! ಹೆತ್ತವರಿಗೆ ಹೆಗ್ಗಣ ಮುದ್ದಂತೆ; ಈ ತಂದೆಗೆ ಸಿಕ್ಕಿದ್ದು ಅಪ್ಪಟ ಬಂಗಾರ. ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಬಿಚ್ಚಿ ಯಜಮಾನ್ರೇ."

ಬಿಚ್ಚಿದರು. ಚರ್ಮ ಕಿತ್ತುಹೋಗಿತ್ತು. "ಗುಂಡಿ ಒತ್ತಿದಂಗೇ ಇದ್ರೆ ಓಟು ಬೀಳ್ತಾನೇ ಇರುತ್ತೆ ಅನ್ಕೊಂಡೆ ತಾಯಿ, ನಲ್ಲಿ ಬಿಟ್ಟಂಗೆ."

"ಅಧಿಕಾರಿ ತನ್ನ ಮೇಜಿನ ಮೇಲಿರೋ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿದ್ರೇನೇ ನಿಮಗೆ ಓಟು. ಅದೂ ಒಂದೇ. ಆಮೇಲೆ ಸಂಜೆ ತನಕ ಒತ್ಕೊಂಡು ನಿಂತ್ರೂ ಅಷ್ಟೇ."

"ಹಂಗಾದ್ರೆ ಮೊದಲು ಬಿದ್ದಿದ್ದ ಓಟು? ನನ್ನಿಂದ ಹಾಳಾದ್ವಾ?"

"ಇಲ್ಲ. ಎಲ್ಲ ಆ ಯೂನಿಟ್‌ನಲ್ಲೇ ಭದ್ರವಾಗಿವೆ."

ಮುದುಕ ನಿಟ್ಟುಸಿರು ಬಿಟ್ಟು ಅಂಗಡಿಯ ಬಾಗಿಲೆಳೆದರು.

ಠಾಣೆಯಲ್ಲಿ ಕಾದು ಕೂತಿದ್ದ ಮಗಳು ದಿಗ್ಗನೆ ಎದ್ದು ನಿಂತಳು. "ಅಪ್ಪಾ, ನೀವಾ?"

ಕಾನ್‌ಸ್ಟೇಬಲ್ ದೂರಿನ ಪ್ರತಿಯನ್ನು ಅವಳ ಮುಂದಿಟ್ಟ. "ಟೀಚರ್, ಕಂಪ್ಲೇಂಟ್ ಕೊಟ್ಟೋರು ನೀವೇ. ಈಗೇನು ಮಾಡ್ತೀರಿ?"

ಆಕೆಯ ಕಣ್ಣು ತುಂಬಿದವು, ದನಿ ಮಾತ್ರ ಅಲುಗಲಿಲ್ಲ. "ಬರೆದದ್ದು ಹಾಗೇ ಇರ್ಲಿ. ಅಪ್ಪನಿಗೆ ವಕೀಲರನ್ನ ನಾನೇ ಹುಡುಕ್ತೀನಿ. ಆದ್ರೆ ಕದ್ದ ಓಟಲ್ಲಿ ಗೆದ್ದು ಮಕ್ಕಳ ಮುಂದೆ ಹೇಗೆ ನಿಲ್ಲಲಿ?"

ಇನ್‌ಸ್ಪೆಕ್ಟರಮ್ಮನಿಗೆ ಎದೆ ಉಬ್ಬಿತು. ತನ್ನ ವಾರ್ಡಿನಲ್ಲಿ ಇಂಥವಳೊಬ್ಬಳು ನಿಂತಿದ್ದಾಳಲ್ಲ! ಬಂಧನದ ವಿವರದಲ್ಲಿ ಅವರು ಯಜಮಾನರು ಹೇಳಿದ ಕಾರಣವನ್ನೂ ಬರೆದರು: 'ನಿನ್ನ ಮಗಳಿಗೆ ನಿನ್ನದೊಂದೇ ಓಟು' ಎಂದು ಬೀದಿಯವರು ನಕ್ಕಿದ್ದರು.

ಲಾಕಪ್ಪಿನತ್ತ ನಡೆಯುತ್ತ ಮುದುಕ ಕಾನ್‌ಸ್ಟೇಬಲ್‌ನ ತೋಳು ಹಿಡಿದು ನಿಲ್ಲಿಸಿದರು.

"ಕೇಳಿಸ್ಕೊಂಡ್ಯಾ? ಅವಳು ನನ್ನ ಮಗಳು!"