ಬಕೆಟ್ಟಿಗೆ ಬಿದ್ದ ದನಿ

ಬಿಡುವಿನ ನಂತರ, ಜಪಾನೀ ಭಾಷೆಯ ತರಗತಿಯ ಹೊರಗೆ, ನೀರಿನ ಬಕೆಟ್ಟಿನ ತಳದಲ್ಲಿ ರೆಕಾರ್ಡರ್ ಸಿಕ್ಕಿತು. ಅದು ನರ್ಸಮ್ಮನದು. ಮರುದಿನ ಆಕೆಗೆ ಮಾತಿನ ಪರೀಕ್ಷೆ. ಗೆದ್ದರೆ ಆಸ್ಪತ್ರೆಯಲ್ಲಿ ದುಭಾಷಿಯ ಕೆಲಸ. ಅಭ್ಯಾಸಕ್ಕೆಂದು ಟೀಚರಮ್ಮ ಆ ಸಂಜೆಯಷ್ಟೇ ಅದರಲ್ಲಿ ಹಾಕಿಕೊಟ್ಟಿದ್ದ ಸಂಭಾಷಣೆ ನೀರುಪಾಲಾಗಿತ್ತು.

ಹಿಂದಿನ ಬೆಂಚಿನ ವಿದ್ಯಾರ್ಥಿ, ನಿವೃತ್ತ ಇನ್‌ಸ್ಪೆಕ್ಟರರಿಗೆ ಒಳಗೊಳಗೇ ಖುಷಿಯಾಯಿತು. ಮಾತಿನ ಕೊನೆಗೆ 'ನೇ' ಹಚ್ಚಬೇಕೋ 'ಯೊ' ಹಚ್ಚಬೇಕೋ ಅವರಿಗಿನ್ನೂ ಬಗೆಹರಿದಿರಲಿಲ್ಲ. ನರ್ಸಮ್ಮನಿಗೆ ಅದು ನೀರು ಕುಡಿದಷ್ಟು ಸಲೀಸು. ಹೊಟ್ಟೆಕಿಚ್ಚು ಯಾರಪ್ಪನ ಮನೆಯದು? ಮರುಗಳಿಗೆಯೇ ನಾಚಿಕೆಯಾಗಿ ತನಿಖೆಗಿಳಿದರು.

* * *

ಅದೇ ಕೆಲಸದ ಮೇಲೆ ಅದೇ ತರಗತಿಯಲ್ಲಿ ಕಲಿಯುತ್ತಿದ್ದ ಗುಮಾಸ್ತನಿಗೂ ಕಣ್ಣಿತ್ತು.

"ಬಿಡುವಿನಲ್ಲಿ ಎಲ್ಲಿದ್ದೆಯಪ್ಪಾ?" ಎಂದು ಇನ್‌ಸ್ಪೆಕ್ಟರರು ಅವನನ್ನು ಕೇಳಿದರು.

"ಟೀಚರ್ ಹತ್ರ ಬೈಸ್ಕೊಳ್ತಿದ್ದೆ ಸಾರ್."

"ಹೌದು," ಎಂದರು ಟೀಚರಮ್ಮ. "ಪ್ರತಿ ಮಾತಿಗೂ 'ಯೊ' ಅಂತ, ನನಗೇ ಬುದ್ಧಿ ಹೇಳೋ ಹಾಗೆ ಮಾತಾಡ್ತಿದ್ದ. ತಿದ್ದುತ್ತಾ ಕೂತಿದ್ದೆ."

ಅಷ್ಟರಲ್ಲಿ ನರ್ಸಮ್ಮನ ಗಂಡ, ದರ್ಜಿ, ಆಕೆಯನ್ನು ಕರೆದೊಯ್ಯಲು ಬಂದ.

"ಈಗಷ್ಟೇ ಬಂದೆ. ಏನು ಗಲಾಟೆ?" ಎಂದ. ವಿಷಯ ತಿಳಿದದ್ದೇ ಮುಖ ಗಂಟಿಕ್ಕಿದ. "ಹೋದ್ರೆ ಹೋಗ್ಲಿ ಬಿಡಿ. ಆ ಗಂಡಸು ಮಾತುಮಾತಿಗೂ 'ನೇ, ನೇ' ಅಂತ ರಾಗ ಎಳೀತಾನೆ. ಅದೂ ಒಂದು ಪಾಠಾನಾ?"

ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಹೊಟ್ಟೆಕಿಚ್ಚಿನ ವಾಸನೆ ಇನ್‌ಸ್ಪೆಕ್ಟರರಿಗೆ ಬಡಿಯಿತು.

* * *

"ಇಲ್ಲಿ ಪಾಠ ಹೇಳೋರು ಹೆಂಗಸು," ಎಂದರು ಇನ್‌ಸ್ಪೆಕ್ಟರರು. "ಗಂಡಸಿನ ದನಿ ಇದ್ರೆ ಅದು ಈ ಸಂಜೆಯ ರೆಕಾರ್ಡಿಂಗಿನಲ್ಲಿ ಮಾತ್ರ. ಅದನ್ನ ನರ್ಸಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ್ರು. ಈಗಷ್ಟೇ ಬಂದ ನಿಮಗೆ ಅವನ ರಾಗ ಎಲ್ಲಿ ಕೇಳಿಸ್ತು? ಬಿಡುವಿನಲ್ಲೇ ಬಂದ್ರಿ. ಅವರು ಎದ್ದು ಹೋದ ಮೇಲೆ ಚೀಲದಿಂದ ತೆಗೆದು ಕೇಳಿದ್ರಿ. ಆಮೇಲೆ ಮುಳುಗಿಸಿದ್ರಿ."

ದರ್ಜಿ ತಲೆ ತಗ್ಗಿಸಿದ.

"ಅದು ನನ್ನ ಗುರುಗಳ ದನಿ," ಎಂದರು ಟೀಚರಮ್ಮ. "ಎಂಬತ್ತು ದಾಟಿದೋರು. 'ಚಳಿ ಅಲ್ವಾ, ಗಾಳಿ ಜೋರು ಅಲ್ವಾ' ಅಂತಿದ್ದಾರೆ. 'ನೇ' ಅಂದ್ರೆ ಹೆಚ್ಚುಕಮ್ಮಿ ನಮ್ಮ 'ಅಲ್ವಾ' ಕಣಪ್ಪಾ."

"ಬಾಗಿಲಲ್ಲಿ ನಿಂತು ನೋಡ್ದೆ," ಎಂದ ದರ್ಜಿ. "ನಗ್ತಾ ನಗ್ತಾ ಅವನಿಗೆ ಉತ್ತರ ಕೊಡ್ತಿದ್ಲು. ಮನೇಲಿ ನನ್ನ ಹತ್ರ 'ಹೂಂ', 'ಉಹೂಂ' ಅಷ್ಟೇ. ತಡೆಯೋಕಾಗ್ಲಿಲ್ಲ."

"ಅಲ್ವಾ ಅಂತ ಕೇಳೋಕೆ ಎದುರಿಗೊಬ್ಬರು ಇರ್ಬೇಕಲ್ರೀ," ಎಂದಳು ನರ್ಸಮ್ಮ. "ನಾನು ಮಾತಾಡುವಾಗ ಒಂದಿನವಾದ್ರೂ ಹೊಲಿಗೆ ಮಿಷನ್ ನಿಲ್ಲಿಸಿದ್ದೀರಾ?"

ಆಕೆ ಕಣ್ಣೊರೆಸಿಕೊಂಡು ಇನ್‌ಸ್ಪೆಕ್ಟರರತ್ತ ತಿರುಗಿದಳು.

"ಸಾರ್, ನಾಳೆ ಪರೀಕ್ಷೆ. ತಪ್ಪೋ ಸರಿಯೋ, ಎದುರು ಕೂತು ನನ್ನ ಜೊತೆ ಮಾತಾಡ್ತೀರಾ?"

ಇನ್‌ಸ್ಪೆಕ್ಟರರು ಕುರ್ಚಿ ಎಳೆದುಕೊಂಡರು. ದರ್ಜಿ ಹೆಂಡತಿಯ ಚೀಲ ಹಿಡಿದು, ಪಾಠ ಮುಗಿಯುವವರೆಗೂ ಬಾಗಿಲಲ್ಲೇ ನಿಂತ.