ಅರ್ಧ ಕುಯ್ದ ಹಗ್ಗ

ಸೋಮವಾರ ಬೆಳಿಗ್ಗೆ 8.40ಕ್ಕೆ ಠಾಣೆಯ ಮೇಜಿನ ಮೇಲೆ ಒಂದು ಸುರುಳಿ ಹಗ್ಗ ಬಂದು ಕುಳಿತಿತು. ತಂದವನು ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತು ಬಣ್ಣ ಬಳಿಯುವವನು, ಬಣ್ಣದ ಕೆಲಸದ ಮುದುಕ ಮೇಸ್ತ್ರಿಯೊಬ್ಬನ ಅಳಿಯ.

“ಐದನೇ ಮಹಡಿಯಿಂದ ಇಳಿಯೋಕೆ ಮುಂಚೆ ಹಗ್ಗ ಸವರಿದೆ ಸಾರ್. ಒಂದು ಕಡೆ ಅಂಗೈಗೆ ಹಸಿ ಬಣ್ಣ ಹತ್ತಿತು. ಉಜ್ಜಿ ನೋಡಿದ್ರೆ ಅರ್ಧ ಕುಯ್ದಿದೆ.”

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

ಅವನು ತಲೆ ತಗ್ಗಿಸಿದ. “ಹೆಂಡತಿ ತವರಿನ ವಿಷಯ. ನನ್ನ ಬಾಯಲ್ಲಿ ಹೇಳಿಸ್ಬೇಡಿ.”

‘ಸೂಜಿ’ ಎಂದೇ ಹೆಸರಾದ ಸಣಕಲು ಪೇದೆ ಗೊಣಗಿದ: “ಗಾಯ ಇಲ್ಲ, ಹೆಣ ಇಲ್ಲ. ಯಾವ ಕೇಸು ಸಾರ್?”

“ಬೀಳ್ಲಿ ಅಂತ ಕಾಯೋಣ್ವಾ?” ಎಂದರು ಇನ್‌ಸ್ಪೆಕ್ಟರ್. “ಕೊಲೆ ಯತ್ನ. ಎಫ್‌ಐಆರ್ ಬರಿ.”

10.15ಕ್ಕೆ ಮೇಸ್ತ್ರಿಯ ಉಗ್ರಾಣದಲ್ಲಿ ಪಂಚನಾಮೆ ನಡೆಯಿತು. ಆಳಿಗೊಂದು ಗೂಟ, ಗೂಟಕ್ಕೊಂದು ಹಗ್ಗ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಬೀಗ ಒಡೆದಿರಲಿಲ್ಲ. ಹಗ್ಗದ ಮೇಲೆ ಬಿಸಿಲಿಗೆ ಮಾಸಿದ ಹಳೆಯ ಹಸಿರು ಕಲೆಗಳಿಗೂ ಕುಯ್ದ ಜಾಗಕ್ಕೆ ಬಳಿದ ಹೊಸ ಹಸಿರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಡಬ್ಬದಲ್ಲಿ ಸಿಗುವ ಬಣ್ಣವಲ್ಲ, ಯಾರೋ ಕೂತು ಬೆರೆಸಿದ್ದು.

ಮುದುಕ ಮೇಸ್ತ್ರಿ ಹಗ್ಗವನ್ನು ಕಿಟಕಿಯ ಬೆಳಕಿಗೆ ಹಿಡಿದ. ತುಟಿಗಳಲ್ಲಿ ದೇವರ ಹೆಸರು ಆಡಿತು. “ಬರ್ಕೊಳ್ಳಿ ಸ್ವಾಮಿ. ಮಗಳ ತಾಳಿ ಒಂದು ಕಣ್ಣು, ಮಗ ಒಂದು ಕಣ್ಣು. ಸುಳ್ಳು ಹೇಳಿದ್ರೆ ಎರಡೂ ಹೋಗ್ತವೆ,” ಎಂದು ಹೇಳಿಕೆ ಕೊಟ್ಟ.

12.30. ಮಗ ಇನ್ನೊಂದು ಕಟ್ಟಡದ ಮೆಟ್ಟಿಲ ಕೆಳಗೆ ಬಣ್ಣ ಕಲಕುತ್ತಿದ್ದ.

“ಭಾವನ ಜತೆ ಹೇಗಿದ್ದೀಯ?”

“ಭಾವ ಅಪರಂಜಿ ಸಾರ್! ಅಳಿಯ ಹತ್ತೋ ಹಾಗೆ ಕೋತಿನೂ ಹತ್ತಲ್ಲ ಅಂತ ಅಪ್ಪಂದು ದಿನಾ ಭಜನೆ. ಹೋದ ವಾರ ಮೇಸ್ತ್ರಿಕೆನೂ ಅವನಿಗೇ. ಮನೆ ಮಗ ನಾನು, ಡಬ್ಬ ಕಲಕ್ತಾ ಸಾಯ್ಬೇಕು.”

“ಅದಕ್ಕೆ ಹಗ್ಗ ಕುಯ್ದೆ.”

ಕಲಕುವ ಕೋಲು ನಿಂತಿತು. ಹೊಟ್ಟೆಕಿಚ್ಚಿಗೆ ಹೊಗೆಯಿಲ್ಲ, ಒಂದೇ ಸೂರಿನಡಿ ಮಲಗಿದವರಿಗೂ ಅದು ಕಾಣುವುದಿಲ್ಲ.

“ಕುಯ್ದೆ. ಏನೀಗ? ಯಾರೂ ಬಿದ್ದಿಲ್ವಲ್ಲ. ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೆಲ್ಲ ಜೈಲಾ?”

“ಅಂದ್ಕೊಂಡಿದ್ದನ್ನ ದೇವರು ಕೇಳ್ತಾನೆ, ನಾವಲ್ಲ. ಬ್ಲೇಡು ಕೊಂಡು ಸುಮ್ನಿದ್ದಿದ್ರೆ ಬರೀ ಸಿದ್ಧತೆ, ವಾಪಸ್ ಬರೋ ದಾರಿ ಇತ್ತು. ನೀನು ಕುಯ್ದೆ, ಮುಚ್ಚಿದೆ, ಅವನ ಗೂಟಕ್ಕೇ ಹಾಕಿದೆ. ನಿನ್ನ ಕೈಯಿಂದ ಆಗೋದೆಲ್ಲ ಮುಗೀತು. ಉಳಿದಿದ್ದು ಅವನು ಜೋತು ಬೀಳೋದೊಂದೇ. ಅದೇ ಯತ್ನ.”

1.05ಕ್ಕೆ ಬಂಧನ. ಜೀಪಿನಲ್ಲಿ ಅವನು ಕೇಳಿದ: “ನನ್ನ ಹೆಸರು ಕೊಟ್ಟಿದ್ಯಾರು? ಭಾವನಾ?”

ಇನ್‌ಸ್ಪೆಕ್ಟರ್ ಸೂಜಿಯತ್ತ ನೋಡಿದರು. ಸೂಜಿ ಹಾಳೆ ತೆಗೆದು ಮೇಸ್ತ್ರಿಯ ಹೇಳಿಕೆ ಓದಿದ: “ಎಂಟು ವರ್ಷ ಬಿಸಿಲು ಕುಡಿದ ಹಸಿರನ್ನು ಹೀಗೆ ಬೆರೆಸಬಲ್ಲ ಕೈ ನಾನು ಕಂಡಂತೆ ಒಂದೇ. ಅದು ನನ್ನ ಮಗನದು. ಈ ವಿದ್ಯೆ ನನಗೂ ಬಾರದು.”

ಅವನು ಅಂಗೈಗೆ ಅಂಟಿದ್ದ ಬಣ್ಣ ನೋಡಿಕೊಂಡ.

“ಅಪ್ಪ ಹಾಗಂದ್ರಾ?” ಎಂದ. “ಇನ್ನೊಂದ್ಸಲ ಓದಿ ಅಣ್ಣಾ.”

ಇನ್‌ಸ್ಪೆಕ್ಟರ್ ಹೂಂ ಎಂದು ತಲೆಯಾಡಿಸಿದರು. ಸೂಜಿ ಮತ್ತೆ ಓದಿದ, ಈ ಸಲ ನಿಧಾನವಾಗಿ.