ಒಂದು ತಪ್ಪು ಬೋಲ್ಟ್

"ಬೇಕಾದ್ದೆಲ್ಲಾ ಬದಲಾಯಿಸಿ, ನನ್ನದೇನೂ ಅಡ್ಡಿ ಇಲ್ಲ. ಈ ಬೋಲ್ಟ್ ಒಂದನ್ನ ಮಾತ್ರ ಮುಟ್ಟಬೇಡಿ," ಎಂದಳು ಮುದುಕಿ.

ಅವಳು ಮಾರಲು ತೆಗೆದಿದ್ದ ಹಳೆಯ ರೇಸ್ ಸೈಕಲ್ಲಿನಲ್ಲಿ, ಸೀಟನ್ನು ಫ್ರೇಮಿಗೆ ಬಿಗಿಯುವ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ಬೋಲ್ಟೊಂದಿತ್ತು. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಸಿಗುವಂಥದ್ದು. ಅದನ್ನು ಕಂಡದ್ದೇ ತಡ, ಊಟದಲ್ಲಿ ಕೂದಲು ಸಿಕ್ಕವನಂತೆ ಅಸಲಿ ಮುಖ ಕಿವುಚಿದ.

ಅಸಲಿ ಎನ್ನುವುದು ಜನ ಅವನಿಗೆ ಇಟ್ಟ ಹೆಸರು. ಊರಿಗೆ ಬಂದು ಹತ್ತು ವರ್ಷವಾಗಿತ್ತು. ಹಳೆಯ ರೇಸ್ ಸೈಕಲ್ಲುಗಳಿಗೆ ಮರುಜೀವ ಕೊಡುವುದು ಅವನ ಕಸುಬು. ಸೈಕಲ್ ಯಾವ ವರ್ಷದ್ದೋ ಅದೇ ವರ್ಷದ ಬ್ರೇಕು, ಅದೇ ವರ್ಷದ ಚೈನು, ಅದೇ ವರ್ಷದ ಬೋಲ್ಟು ಬೇಕು. ಒಂದು ವರ್ಷ ಹಿಂದೆ ಮುಂದೆ ಆದರೂ ಅವನಿಗೆ ಊಟ ಸೇರುತ್ತಿರಲಿಲ್ಲ. "ಇದು ಅಸಲಿ ಅಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಆ ಮಾತೇ ಅವನಿಗೆ ಹೆಸರಾಗಿತ್ತು. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಸುಳ್ಳು ಹೇಳಬಾರದು. ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವನು.

"ಯಾಕೆ ಮುಟ್ಟಬಾರದು, ಅಮ್ಮಾ?"

ಮುದುಕಿ ಅಳೆದೂ ಸುರಿದೂ ಹೇಳಿದಳು. ಈ ಫ್ರೇಮಿನ ಕೊಳವೆಗಳಿಗೆ ಅಂಟು ಹಾಕಿದ ಕಾರ್ಖಾನೆಯ ಕೆಲಸಗಾರನ ಮಗು ಅವತ್ತು ಮನೆಯಲ್ಲಿ ಜ್ವರದಿಂದ ಕಣ್ಣು ಮೇಲೆ ಮಾಡಿತ್ತಂತೆ. ಮನೆಗೆ ಬಿಡಿ ಎಂದು ಅವನು ಕಾಲು ಹಿಡಿದ. ಕೊನೇ ಬೋಲ್ಟ್ ಕೂರುವವರೆಗೂ ಯಾರೂ ಬಾಗಿಲು ದಾಟುವ ಹಾಗಿಲ್ಲ ಎಂದ ಮೇಲಧಿಕಾರಿ. ಸೈಕಲ್ ಪೂರ್ತಿಯಾಗಿ ಅವನು ಮನೆ ಸೇರುವಷ್ಟರಲ್ಲಿ ಮಗು ತಣ್ಣಗಾಗಿತ್ತು. ಮರುದಿನ ಆತ ಮಗುವಿನ ಕೂದಲನ್ನು ಮುಷ್ಟಿಯಲ್ಲಿಟ್ಟುಕೊಂಡು ಕೆಲಸಕ್ಕೆ ಬಂದ. ಅದೇ ಸೈಕಲ್ಲಿನ ಕೀಲೊಂದನ್ನು ಬಿಚ್ಚಿ, ಅಂಟಿನಲ್ಲಿ ಕೂದಲು ಸುತ್ತಿ, ಏನೋ ಹೇಳಿಕೊಳ್ಳುತ್ತಾ ಮತ್ತೆ ಕೂಡಿಸಿದ.

"ಅವತ್ತಿದ್ದ ಹಾಗೇ ಈ ಸೈಕಲ್ ಪೂರ್ತಿ ಆಯ್ತು ಅಂದ್ರೆ, ಪೂರ್ತಿ ಮಾಡಿದೋರ ಮಗು ಇರೋದಿಲ್ಲ. ಅದಕ್ಕೇ ನಮ್ಮೆಜಮಾನ್ರು ಒಂದು ತಪ್ಪು ಬೋಲ್ಟ್ ಹಾಕಿಟ್ಟಿದ್ರು."

"ನಿಮ್ಮ ಮನೇಲಿ ಯಾರು ಹೋದ್ರು?"

"ನಂಗೆ ಗೊತ್ತಿಲ್ಲ," ಎಂದಳು ಮುದುಕಿ.

ಅಸಲಿಗೆ ನಗು ತಡೆಯಲಾಗಲಿಲ್ಲ. ಮನೆಯಿಂದ ಮಗು ಹೋಗಿದೆಯಂತೆ, ಯಾವ ಮಗು ಎಂದು ತಾಯಿಗೇ ಗೊತ್ತಿಲ್ಲವಂತೆ. ವಯಸ್ಸಾದ ಮೇಲೆ ತಲೆ ಹೀಗೂ ಕೈಕೊಡುತ್ತದೆ ಎಂದುಕೊಂಡ.

"ನಿಮ್ಮನೇಲಿ ಮಕ್ಕಳಿದ್ದಾರಾ?" ಎಂದು ಕೇಳಿದಳು ಅವಳು.

"ಒಬ್ಬಳು. ಎಂಟು ವರ್ಷ. ಕೂತಲ್ಲಿ ಕೂರಲ್ಲ, ಬುಗುರಿ ಅಂತಲೇ ಕರೀತೀವಿ."

ಮುದುಕಿ ಒಳಗೆ ಹೋಗಿ ಒಂದು ತಗಡಿನ ಡಬ್ಬ ತಂದು ಕೊಟ್ಟಳು. ಸೈಕಲ್ಲಿನ ಕೆಲವು ಸಣ್ಣಪುಟ್ಟ ಬಿಡಿಭಾಗಗಳು ಅದರಲ್ಲಿದ್ದವು. ತಳದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿ, ಬೂದು ಬಣ್ಣದ ಅಸಲಿ ಬೋಲ್ಟೂ ಇತ್ತು. ಮುಟ್ಟಬೇಡ ಎನ್ನುವವಳು ಅದನ್ನೇಕೆ ಕೊಟ್ಟಳು ಎಂದು ಅವನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅವನ ಕೆಲಸದ ಕೋಣೆಗೆ ಕಿಟಕಿ ಇರಲಿಲ್ಲ. ಮನೆಯ ಕೆಳಗಿನ ಉದ್ದನೆಯ ಷೆಡ್ಡು, ಮುಂದೊಂದು ಕಬ್ಬಿಣದ ಷಟರು, ನಡುವೆ ತೂಗುವ ಒಂದು ಬಲ್ಬು. ಹಾಡುಹಗಲಲ್ಲೂ ಮೂಲೆಗಳಲ್ಲಿ ಕತ್ತಲು. ಗ್ರೀಸಿನ, ರಬ್ಬರಿನ, ಸೀಮೆಎಣ್ಣೆಯ ವಾಸನೆ. ಫ್ರೇಮನ್ನು ಸ್ಟ್ಯಾಂಡಿಗೆ ಏರಿಸಿದ ದಿನದಿಂದ ಇನ್ನೊಂದು ವಾಸನೆ ಸೇರಿಕೊಂಡಿತು. ಆಗಷ್ಟೇ ಕಲಸಿದ ಅಂಟಿನ ವಾಸನೆ. ಮೂವತ್ತಾರು ವರ್ಷದ ಹಿಂದೆ ಒಣಗಿದ ಅಂಟು ಈಗೇಕೆ ನಾರುತ್ತದೆ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಫ್ರೇಮೇನೋ ಚೆಂದವಿತ್ತು. ಕಪ್ಪು ಕಾರ್ಬನ್ ಎಳೆಗಳನ್ನು ಬಟ್ಟೆಯಂತೆ ನೇಯ್ದ ಕೊಳವೆಗಳು, ಅವನ್ನು ಕೂಡಿಸುವ ಅಲ್ಯೂಮಿನಿಯಂ ಕೀಲುಗಳು. ಪೆಡಲ್ಲು ಕೂರುವ ಕೀಲಿನ ಅಂಚಿನಲ್ಲಿ, ಪಾರದರ್ಶಕ ಬಣ್ಣದ ಅಡಿಯಲ್ಲಿ, ಒಂದೇ ಒಂದು ಎಳೆ ಕಪ್ಪಗಿರಲಿಲ್ಲ. ಕಂದು ಬಣ್ಣದ್ದಾಗಿತ್ತು. ಬಹಳ ತೆಳ್ಳಗಿತ್ತು.

ಹಳೆಯ ಕಾರ್ಬನ್ ಒಳಗೆ ಪದರ ಪದರವಾಗಿ ಬಿಟ್ಟುಕೊಂಡಿದೆಯೇ ಎಂದು ನೋಡಲು ನಾಣ್ಯದಿಂದ ತಟ್ಟಬೇಕು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಟೊಳ್ಳು. ಅಸಲಿ ಮೇಲಿನ ಕೊಳವೆ ತಟ್ಟಿದ, ಗಟ್ಟಿ. ಕೆಳಗಿನದು ತಟ್ಟಿದ, ಗಟ್ಟಿ. ಕೀಲಿನ ಹತ್ತಿರ ಮೂರು ಸಲ ತಟ್ಟಿ ನಾಣ್ಯ ಕೆಳಗಿಟ್ಟ. ಒಳಗಿನಿಂದ ಮೂರು ಸಲ, ನಿಧಾನವಾಗಿ, ಯಾರೋ ತಿರುಗಿ ತಟ್ಟಿದರು.

ಅಸಲಿ ಫ್ರೇಮನ್ನು ಅಲ್ಲಾಡಿಸಿದ, ಏನೂ ಉದುರಲಿಲ್ಲ. ಲೋಹ ಬಿಸಿಲಿಗೆ ಹಿಗ್ಗಿದಾಗ ಹೀಗೇ ಸದ್ದಾಗುತ್ತದೆ ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಆ ಕೋಣೆಗೆ ಬಿಸಿಲು ಬಿದ್ದದ್ದು ಯಾವ ಕಾಲದಲ್ಲೋ.

ಆ ರಾತ್ರಿ ಊಟದ ಹೊತ್ತಿಗೆ ಮುದುಕಿಯ ಕತೆಯನ್ನು ರಂಗು ಕಟ್ಟಿ ಹೇಳಿ ನಗಿಸಿದ. ಹೆಂಡತಿ ನಕ್ಕಳು. ಬುಗುರಿ ನಗಲಿಲ್ಲ.

"ಅಪ್ಪ, ಆ ಬೋಲ್ಟ್ ಹಾಗೇ ಬಿಡ್ತೀಯಲ್ಲಾ?"

"ಇನ್ನೆರಡು ವಾರಕ್ಕೆ, ಭಾನುವಾರ, ಹಳೇ ಸೈಕಲ್ಲುಗಳ ಪ್ರದರ್ಶನ ಇದೆ ಕಣೇ. ತೀರ್ಪುಗಾರರು ಭೂತಗನ್ನಡಿ ಹಿಡ್ಕೊಂಡು ನೋಡೋ ಜನ. ಒಂದು ಬೋಲ್ಟ್ ತಪ್ಪಿದ್ರೂ ನನ್ನ ಮಾನ ಹೋಗುತ್ತೆ."

ಎರಡು ವಾರ ಅವನಿಗೆ ಬೇರೆ ಲೋಕವಿರಲಿಲ್ಲ. ಬ್ರೇಕಿನ ಹಿಡಿಗೆ ಹಾಕುವ ಕಂದು ರಬ್ಬರಿಗಾಗಿ ಎಲ್ಲೆಲ್ಲಿಗೋ ಕಾಗದ ಬರೆದು ತರಿಸಿದ. ಗೇರಿನ ಕಡ್ಡಿಗಳನ್ನು ಆಗಿನ ಪದ್ಧತಿಯಂತೆ ಹ್ಯಾಂಡಲ್ಲಿಗಲ್ಲ, ಫ್ರೇಮಿನ ಓರೆಕೊಳವೆಗೇ ಕೂರಿಸಿದ. ಬ್ರೇಕಿನ ರಬ್ಬರು ಮಾತ್ರ ಕಲ್ಲಾಗಿತ್ತು. ಅದರಿಂದ ಗಾಡಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಅದನ್ನೇ ಹಾಕಿದ, ಅಸಲಿ ಅಲ್ಲವೇ. ಪ್ರತಿದಿನ ಮಧ್ಯಾಹ್ನ ಶಾಲೆಯಿಂದ ಬಂದ ಬುಗುರಿ ಷಟರು ತಟ್ಟುತ್ತಿದ್ದಳು. ಟಕ್ ಟಕ್, ಒಂದು ಉಸಿರಿನಷ್ಟು ಬಿಡುವು, ಟಕ್. ಅದು ಅವಳದೇ ಗುರುತು. ಒಳಗೆ ಬಂದು ಸೈಕಲ್ಲಿನ ಪಕ್ಕ ಕೂತು ಅದನ್ನೇ ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಉಳಿದದ್ದು ಆ ಬೋಲ್ಟ್ ಒಂದೇ. ಅಸಲಿ ತುಕ್ಕಿನದನ್ನು ಬಿಚ್ಚಿ ಡಬ್ಬಕ್ಕೆ ಎಸೆದ. ಬೂದು ಬಣ್ಣದ್ದನ್ನು ಕೂರಿಸಿ ಬಿಗಿದ. ಕಾದ. ಏನೂ ಆಗಲಿಲ್ಲ. ಬಲ್ಬು ಉರಿಯುತ್ತಿತ್ತು. ಮೇಲೆ ಅಡುಗೆಮನೆಯಲ್ಲಿ ಬುಗುರಿ ಅಮ್ಮನ ಜೊತೆ ಜಗಳ ಆಡುವುದು ಕೇಳುತ್ತಿತ್ತು. ಅಸಲಿ ಜೋರಾಗಿ ನಕ್ಕು ಮಗಳನ್ನು ಕೂಗಿದ.

"ನೋಡು ಬಾ, ಆ ಅಜ್ಜಿ ಕತೆ. ಪೂರ್ತಿ ಆಯ್ತು. ಎಲ್ಲಿಗೆ ಹೋದೆ ನೀನು?"

ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ಸೈಕಲ್ಲನ್ನು ನೋಡಲಿಲ್ಲ, ಅಪ್ಪನ ಕೈಯನ್ನು ನೋಡಿದಳು. ಅವನು ಕೊನೆಯ ಸಲ ಒರೆಸೋಣವೆಂದು ಸಣ್ಣ ಕನ್ನಡಿ ಹಿಡಿದು ಕೊಳವೆಗಳ ಅಡಿಯನ್ನು ನೋಡುತ್ತಿದ್ದ. ಕೀಲಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಉಗುರಿನಷ್ಟು ಅಗಲದ ಬೆಳ್ಳಿ ಬಣ್ಣದ ನಕ್ಷತ್ರದ ಸ್ಟಿಕರ್ ಇತ್ತು.

"ಯಾರು ಅಂಟಿಸಿದ್ದು ಇದನ್ನ?"

"ನಾನು," ಎಂದಳು ಬುಗುರಿ. "ಇದೊಂದು ಇರ್ಲಿ ಅಪ್ಪ. ಕಾಣಲ್ಲ. ಯಾರಿಗೂ ಕಾಣಲ್ಲ. ಒಂದು ತಪ್ಪು ಇರ್ಲಿ."

"ನಿಂಗೆ ಬುದ್ಧಿ ಇಲ್ವಾ? ಎರಡು ವಾರ ನಾನು ಬೆನ್ನು ಮುರ್ಕೊಂಡಿದ್ದು ಯಾತಕ್ಕೆ?"

"ಅಪ್ಪ, ಬೇಡ. ಬೇಡ ಅಪ್ಪ."

ಅವಳು ಓಡಿ ಬಂದು ಅವನ ಅಂಗಿಯ ತುದಿ ಹಿಡಿದುಕೊಂಡಳು. ಅವನು ಬಗ್ಗಿ, ಹೆಬ್ಬೆರಳ ಉಗುರು ಕೊಟ್ಟು ಕೆರೆದ. ಸ್ಟಿಕರ್ ಚೂರು ಚೂರಾಗಿ ಎದ್ದು ಬಂತು.

ಬಲ್ಬು ಆರಿತು.

ಅಂಟಿನ ವಾಸನೆ ಗಂಟಲಿಗೆ ತುಂಬಿತು. ಸುಟ್ಟ ಕೂದಲ ವಾಸನೆ. ಚಕ್ರ ತಾನಾಗಿ ತಿರುಗಿತು. ಚಿರ್ ಚಿರ್ ಎಂದಿತು. ಅಂಗಿ ಜಗ್ಗಿತು. ಒಮ್ಮೆ. ಬಲವಾಗಿ. ಆಮೇಲೆ ಜಗ್ಗಲಿಲ್ಲ. ಅವನು ಕೈ ಚಾಚಿದ. ಗಾಳಿ. ಇನ್ನೊಂದು ಕಡೆ ಚಾಚಿದ. ಗೋಡೆ. ಚಕ್ರ ನಿಂತಿತು. ಬಲ್ಬು ಹೊತ್ತಿತು.

ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ.

ಅವನು ಮೆಟ್ಟಿಲು ಹತ್ತಿದ್ದು ಅವನಿಗೇ ಗೊತ್ತಿಲ್ಲ. ಅವಳ ಕೋಣೆಯ ಬಾಗಿಲು ತೆಗೆದರೆ ಹಳೆಯ ಹಾಸಿಗೆ, ಮುರಿದ ಫ್ಯಾನು, ರಟ್ಟಿನ ಪೆಟ್ಟಿಗೆಗಳು. ಎಷ್ಟೋ ವರ್ಷದ ಧೂಳು. ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ವರ್ಷ ಅವಳ ಎತ್ತರಕ್ಕೆ ಗೀಚಿದ ಪೆನ್ಸಿಲ್ ಗೆರೆ ಒಂದೂ ಇರಲಿಲ್ಲ.

"ಬುಗುರಿ ಎಲ್ಲಿ?"

ಹೆಂಡತಿ ಒಲೆ ಸಣ್ಣ ಮಾಡಿ ತಿರುಗಿದಳು. "ಯಾವ ಬುಗುರಿ?"

"ನಮ್ಮ ಮಗಳು."

ಅವಳ ಮುಖ ಮೊದಲು ಗೊಂದಲವಾಯಿತು, ಆಮೇಲೆ ಬಿಳುಪೇರಿತು. "ಇಂಥಾ ತಮಾಷೆ ಮಾಡಬೇಡಿ," ಎಂದಳು. "ಮಕ್ಕಳಿಲ್ಲ ಅನ್ನೋ ಸಂಕಟ ನಂಗೇನು ಕಮ್ಮಿ ಇದೆಯಾ?"

ಅಸಲಿ ಕೆಳಗೆ ಓಡಿದ. ಬೋಲ್ಟ್ ಕಿತ್ತ. ಚೈನು ಕಿತ್ತ. ಸೀಟು, ಹ್ಯಾಂಡಲ್ಲು ಎಲ್ಲ ಕಿತ್ತು ನೆಲಕ್ಕೆ ಬಿಸಾಡಿದ. ಬರೀ ಫ್ರೇಮ್ ಉಳಿಯಿತು. ಸುತ್ತಿಗೆ ಎತ್ತಿದ. ಆಗ ಒಳಗಿನಿಂದ ಕೇಳಿಸಿತು. ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ಸುತ್ತಿಗೆ ಅವನ ಕೈಯಿಂದ ಜಾರಿ ಬಿತ್ತು. ಫ್ರೇಮನ್ನು ತಬ್ಬಿಕೊಂಡು ಅವನು ಹೋ ಎಂದು ಅತ್ತ. ಮಗಳ ತಪ್ಪಿಗೆ ಬೈದಿದ್ದನಲ್ಲ, ಆ ತಪ್ಪೇ ಬೋಲ್ಟ್ ಬಿಗಿದ ಮೇಲೂ ಅವಳನ್ನು ಕಾಪಾಡಿತ್ತು.

ಮುದುಕಿಯ ಮನೆ ಬಾಗಿಲು ತೆರೆದೇ ಇತ್ತು. ಅವನು ಬರುವುದನ್ನು ಕಾಯುತ್ತಿದ್ದವಳಂತೆ ಅವಳು ಎದ್ದು ನಿಂತಳು. ಅವಳ ಹಿಂದೆ ಊಟದ ಮೇಜಿನ ಮುಂದೆ ಒಂಬತ್ತು ವರ್ಷದ ಹುಡುಗನೊಬ್ಬ ಕೂತಿದ್ದ. ಹಳೆಯ ಕಾಲದ ಅಗಲ ಕಾಲರಿನ ಅಂಗಿ. ತಟ್ಟೆ ಮುಟ್ಟಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದವು.

"ಒಂದು ಒಳಗೆ ಹೋದ್ರೆ ಒಂದು ಹೊರಗೆ ಬರುತ್ತೆ," ಎಂದಳು ಮುದುಕಿ. "ನಮ್ಮೆಜಮಾನ್ರು ಹೇಳ್ತಿದ್ರು. ಕೊನೇ ಬೋಲ್ಟ್ ಹಾಕಿದ್ದು ಅವರು, ಹಾಗಾಗಿ ಅವರೊಬ್ಬರಿಗೇ ನೆನಪಿತ್ತು. ನಂಗೆ ಮಗ ಇದ್ದ ಅಂತ ನಂಗೇ ಗೊತ್ತಿರ್ಲಿಲ್ಲ. ಮೂವತ್ತು ವರ್ಷ ಆ ಮನುಷ್ಯ ದಿನಾ ಒಂದು ತಟ್ಟೆ ಹೆಚ್ಚಿಗೆ ಇಟ್ರು. ಇನ್ನೊಬ್ಬರ ಮಗು ಹೋಗೋದು ಬೇಡ ಅಂತ ತಪ್ಪು ಬೋಲ್ಟ್ ಹಾಕಿ ಇಟ್ಕೊಂಡೇ ಸತ್ರು. ಅವರು ಒಳ್ಳೆಯವರು. ನಾನಲ್ಲ."

"ನಿಮಗೆ ನೆನಪೇ ಇಲ್ಲದ ಮಗುಗೋಸ್ಕರ ನನ್ನ ಮಗಳನ್ನ..."

"ಅವರಿಗೆ ಹುಚ್ಚೋ, ಅವರು ಹೇಳಿದ್ದು ನಿಜವೋ, ಸಾಯೋ ಮುಂಚೆ ತಿಳ್ಕೋಬೇಕಿತ್ತು. ಬೇಡ ಅಂದಿದ್ನಲ್ಲ ನಿಮಗೆ? ನಿಮ್ಮಂಥೋರಿಗೆ ಬೇಡ ಅಂದ್ರೆ ಸಾಕು." ಅವಳು ಹುಡುಗನ ಕಡೆ ನೋಡಿದಳು. "ಇವನು ನನ್ನ ಹತ್ರ ಬರಲ್ಲ. ಅಮ್ಮ ಎಲ್ಲಿ ಅಂತ ಕೇಳ್ತಾನೆ. ನಾನೇ ಅಂದ್ರೆ ಕಿರುಚ್ತಾನೆ."

ಅಸಲಿ ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಲ್ಲಿ ಒಬ್ಬಳು ಹುಡುಗಿ ಸಿಕ್ಕಳಾ, ಮರಿ?"

ಹುಡುಗ ತಲೆಯಾಡಿಸಿದ. "ನಾನು ಬರುವಾಗ ಎದುರಿಗೆ ಬಂದ್ಲು. ಅಲ್ಲಿ ಕತ್ತಲು. ಕೈಕಾಲೆಲ್ಲ ಅಂಟುತ್ತೆ. ನಮ್ಮಪ್ಪ ಬರ್ತಾರಾ ಅಂತ ಕೇಳಿದ್ಲು."

"ನೀನೇನು ಹೇಳಿದೆ?"

"ನಮ್ಮಪ್ಪ ಬರ್ಲಿಲ್ಲ ಅಂದೆ."

ಭಾನುವಾರದ ಪ್ರದರ್ಶನಕ್ಕೆ ಅಸಲಿ ಹೋಗಲಿಲ್ಲ. ಸೈಕಲ್ಲನ್ನು ಮತ್ತೆ ಜೋಡಿಸಿದ, ಒಂದೊಂದು ಭಾಗವನ್ನೂ ಮೊದಲಿನ ಹಾಗೇ. ಕೊನೆಗೆ ತುಕ್ಕು ಹಿಡಿದ ಬೋಲ್ಟ್ ಹಾಕಿ ಬಿಗಿದ, ಬೂದು ಬಣ್ಣದ್ದನ್ನು ಮತ್ತೆ ಡಬ್ಬದ ತಳಕ್ಕೆ ಹಾಕಿದ. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬೆಳ್ಳಿಯ ಒಂದು ಚೂರು ಉಳಿದಿತ್ತು. ಬುಗುರಿ ಇದ್ದಳು ಎನ್ನುವುದಕ್ಕೆ ಲೋಕದಲ್ಲಿ ಉಳಿದದ್ದು ಅಷ್ಟೇ. ಆ ಉಗುರನ್ನು ಅವನು ಕತ್ತರಿಸಲಿಲ್ಲ. ಆ ಕೈ ನೀರಿಗೆ ತಾಕದಂತೆ ಚೀಲ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದ. ದಿನಾ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ನಾಣ್ಯದಿಂದ ಕೊಳವೆ ತಟ್ಟುತ್ತಿದ್ದ. ಒಳಗಿನಿಂದ ಉತ್ತರ ಬರುತ್ತಿತ್ತು. ದಿನದಿಂದ ದಿನಕ್ಕೆ ಅದು ಕ್ಷೀಣವಾಗುತ್ತಿತ್ತು.

ಮುದುಕಿಯ ಗಂಡನ ಹಾಗೆ ತಾನೂ ಒಳ್ಳೆಯವನಾಗಿಬಿಡಬೇಕೆಂದು ಅವನು ನಿಜಕ್ಕೂ ಪ್ರಯತ್ನಿಸಿದ. ಏಳು ತಿಂಗಳು ಪ್ರಯತ್ನಿಸಿದ. ಎಂಟನೆಯ ತಿಂಗಳು, ಉತ್ತರ ಬರದೇ ಹೋದ ಒಂದು ದಿನದ ಮರುದಿನ, ಹಳೆಯ ಸೈಕಲ್ಲುಗಳ ಹುಚ್ಚಿನವನೊಬ್ಬನಿಗೆ ಸೈಕಲ್ ಮಾರುವುದಿದೆ ಎಂದು ತಾನೇ ಫೋನು ಮಾಡಿ ಕರೆಸಿದ. ಪ್ರದರ್ಶನದ ತೀರ್ಪುಗಾರರ ಪೈಕಿಯೇ ಭಾರೀ ಕಟ್ಟುನಿಟ್ಟಿನವನು ಎಂದು ಹೆಸರಾದವನು.

ಬಂದವನು ಸೈಕಲ್ಲಿನ ಸುತ್ತ ಎರಡು ಸುತ್ತು ಬಂದ. ಅವನ ಕಣ್ಣು ಸೀಟಿನ ಕೆಳಗೆ ನಿಂತಿತು. ಊಟದಲ್ಲಿ ಕೂದಲು ಸಿಕ್ಕವನಂತೆ ಮುಖ ಕಿವುಚಿದ.

"ಮನೇಲಿ ಮಕ್ಕಳಿದ್ದಾರಾ?" ಎಂದು ಕೇಳಿದ ಅಸಲಿ.

"ಒಬ್ಬ ಮಗ," ಎಂದ ಆತ. ಮುಖವೆಲ್ಲ ಅರಳಿತು. "ಆರು ತುಂಬಿತು. ಇದನ್ನ ನೋಡಿದ್ರೆ ಕುಣಿದಾಡ್ತಾನೆ."

ಅಸಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಆಮೇಲೆ ತಗಡಿನ ಡಬ್ಬವನ್ನು ತೆಗೆದುಕೊಟ್ಟ.

"ಬೇಕಾದ್ದೆಲ್ಲಾ ಬದಲಾಯಿಸಿ. ಆ ಬೋಲ್ಟ್ ಒಂದನ್ನ ಮಾತ್ರ ಮುಟ್ಟಬೇಡಿ."

ಯಾಕೆ ಎಂದು ಆತ ಕೇಳಿದ. ಅಸಲಿ ಎಲ್ಲವನ್ನೂ ಹೇಳಿದ, ಒಂದು ಅಕ್ಷರ ಸುಳ್ಳು ಸೇರಿಸಲಿಲ್ಲ, ಹೊರಬರುವ ಮಗುವಿನ ಮಾತೊಂದನ್ನು ಬಿಟ್ಟು. ಆತ ಮರ್ಯಾದೆಗೆ ತಲೆದೂಗುತ್ತಾ ಕೇಳಿದ. ಅವನ ತುಟಿಯ ಕೊನೆಯಲ್ಲಿ ನಗು ಮೂಡುವುದನ್ನು ಅಸಲಿ ಎವೆಯಿಕ್ಕದೆ ನೋಡಿದ. ಆ ನಗು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೈಕಲ್ಲು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಅವನು ಮೇಲಕ್ಕೆ ಹೋಗಿ, ಧೂಳು ತುಂಬಿದ ಕೋಣೆಯಿಂದ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗಿಡತೊಡಗಿದ. ಸದ್ದು ಕೇಳಿ ಹೆಂಡತಿ ಬಂದಳು.

"ಏನು ಮಾಡ್ತಿದೀರಿ?"

"ಕೋಣೆ ಕ್ಲೀನ್ ಮಾಡ್ತಿದೀನಿ," ಎಂದ ಅವನು. "ಒಬ್ಬರು ಬರೋರಿದ್ದಾರೆ."